ತೂಕಕ್ಕೆ ತಡವಾಗಿ ಹೋದವನು

ಬೆಳಿಗ್ಗೆ ಏಳರ ಬಸ್ಸಿಗೆ ಮೈಸೂರು ಬಿಟ್ಟು ಎಂಟಕ್ಕೆಲ್ಲ ನಂಜನಗೂಡಿನಲ್ಲಿ ಇಳಿದೆ. ಮೂವತ್ತಾರು ವರ್ಷದ ಹಿಂದಿನ ಹರಕೆಯೊಂದನ್ನು ತೀರಿಸಬೇಕಿತ್ತು. ಭಕ್ತಿಯೇನಲ್ಲ. ಹೋದ ತಿಂಗಳು ಜ್ವರ ಬಂದು ಒಂದು ವಾರ ಆಸ್ಪತ್ರೆಯಲ್ಲಿ ಮಲಗಿದ್ದೆ. ಸಂಕಟ ಬಂದಾಗ ವೆಂಕಟರಮಣ, ಅಷ್ಟೆ.

ಹರಕೆ ಹೊತ್ತವಳು ಪುಟ್ಟಮ್ಮಜ್ಜಿ, ಅಮ್ಮನ ಚಿಕ್ಕಮ್ಮ. ಟಿ. ನರಸೀಪುರದಲ್ಲಿ ಮನೆ, ಮಕ್ಕಳಿಲ್ಲ. ಬೇಸಿಗೆ ರಜೆಯೆಲ್ಲ ನಾನು ಅಲ್ಲೇ. ಏಳನೇ ವಯಸ್ಸಿನಲ್ಲಿ ನನಗೆ ಜ್ವರ ನೆತ್ತಿಗೇರಿದಾಗ ಅಜ್ಜ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಡಾಕ್ಟರ ಬಳಿಗೆ ತಳ್ಳಿಕೊಂಡು ಹೋದ. ಅಜ್ಜಿ ನನ್ನನ್ನು ಹಿಡಿದುಕೊಂಡು ಪಕ್ಕದಲ್ಲೇ ಓಡಿದಳು. ಹುಡುಗ ಉಳಿದರೆ ನಂಜುಂಡೇಶ್ವರನಿಗೆ ಅವನ ತೂಕದ ಬೆಲ್ಲ ಎಂದು ಕೇಳಿಕೊಂಡದ್ದು ಆ ದಾರಿಯಲ್ಲೇ. ವಾಸಿಯಾದ ಮರುದಿನವೇ ಅಪ್ಪ ನನ್ನನ್ನು ಕರೆದೊಯ್ದ, ಮತ್ತೆ ರಜೆಗೆ ಕಳಿಸಲಿಲ್ಲ. ದೊಡ್ಡವನಾದ ಮೇಲೆ ನಾನೇ ಹೋಗಲಿಲ್ಲ. ಅಜ್ಜ ತೀರಿಕೊಂಡಾಗ ಹೋದವನು ಅಂದೇ ವಾಪಸಾದೆ. ಪ್ರತಿ ಶಿವರಾತ್ರಿಗೆ ಮುಂಚೆ, ಮೊದಮೊದಲು ಕಾಗದ, ಆಮೇಲೆ ಫೋನು: “ಮಗಾ, ಅರಕೆ ಅಂಗೇ ಐತೆ ಕಣಪ್ಪ. ಒಂದಿನ ಬಂದೋಗು.”

“ಮುಂದಿನ ವರ್ಷ ಬತ್ತೀನಿ ಅಜ್ಜಿ.”

ಮೈಸೂರಿನಿಂದ ಅವಳ ಮನೆಗೆ ಒಂದು ಗಂಟೆ ದಾರಿ. ಎರಡು ವರ್ಷದಿಂದ ಆ ಫೋನೂ ನಿಂತಿತ್ತು. ಆಗ ನನಗೆ ಹಾಯೆನಿಸಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ದೇವಸ್ಥಾನದಲ್ಲಿ ತುಲಾಭಾರಕ್ಕೆ ಸಂಜೆ ಬನ್ನಿ ಎಂದರು. ಪೇಟೆಯ ಅಂಗಡಿಯಲ್ಲಿ ಚಿಕ್ಕಂದಿನ ಹರಕೆಯೆಂದು ಹೇಳಿ ನನ್ನ ತೂಕದ ಎಪ್ಪತ್ತೆಂಟು ಕೆಜಿ ಬೆಲ್ಲ ಕೇಳಿದೆ. ಅಂಗಡಿಯವನು ನನ್ನ ಹೊಟ್ಟೆ ನೋಡಿ ನಕ್ಕ. “ಚಿಕ್ಕೋರಿದ್ದಾಗ್ಲೇ ತೀರ್ಸಿದ್ರೆ ಒಂದ್ ಬುಟ್ಟೀಲಿ ಮುಗೀತಿತ್ತಲ್ಲ ಸಾ!” ನಾನೂ ನಕ್ಕೆ. ಬೆಲ್ಲ ಎತ್ತಿಟ್ಟಿರಲು ಹೇಳಿ, ಒಂದು ಚಿಪ್ಪು ರಸಬಾಳೆ ಹಿಡಿದು ನರಸೀಪುರದ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ. ಹೊರಗೆ ನಾಲೆ, ಗದ್ದೆ, ಉರಿಬಿಸಿಲು. ಅಜ್ಜಿಯನ್ನು ಬಾಡಿಗೆ ಕಾರಿನಲ್ಲಿ ಕರೆತರಬೇಕು, ಕೊನೆಯ ಅಚ್ಚನ್ನು ಅವಳ ಕೈಯಿಂದಲೇ ತಕ್ಕಡಿಗೆ ಇಡಿಸಬೇಕು, ಅವಳು ಸಂತೋಷಕ್ಕೆ ಅಳಬೇಕು. ನಿಂತಲ್ಲೇ ಎಲ್ಲವನ್ನೂ ಮನಸ್ಸಿನಲ್ಲಿ ಮಾಡಿ ಮುಗಿಸಿದ್ದೆ.

ಅಜ್ಜಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. “ಏನಪ್ಪಾ, ಇಂಥ ಬಿಸ್ಲಲ್ ಬಂದ್ಬುಟ್ಟೆ!” ಎಂದು ನೀರು ಕೊಟ್ಟಳು.

“ಹೊರಡು ಅಜ್ಜಿ. ಬೆಲ್ಲ ರೆಡಿ ಇದೆ. ಇವತ್ತು ಹರಕೆ ತೀರಿಸಿಬಿಡೋಣ,” ಎಂದೆ ಗತ್ತಿನಿಂದ.

“ಅದು ಆಗೋಯ್ತಲ್ಲ ಮಗಾ, ಎಲ್ಡು ವರ್ಸ ಆಯ್ತು. ದೇವ್ರಿಗೆ ಕೊಟ್ಟ ಮಾತ ಇಟ್ಕಂಡು ಸಾಯಾಕಾಯ್ತದಾ? ಪಕ್ಕದ್ಮನೆ ಸಿದ್ರಾಜನ ಮಗೀನ ತಕ್ಕಡೀಲಿ ಕೂರಿಸಿ, ನಿನ್ನೆಸ್ರು ಏಳಿ ತೀರಿಸ್ಬುಟ್ಟೆ. ಆಗ ನೀನೂ ಅಷ್ಟೇ ಇದ್ದೆ.”

ನನಗೆ ಸಿಟ್ಟು ಬಂತು. ನನ್ನ ಜಾಗದಲ್ಲಿ ಯಾರದೋ ಮಗು! “ನನಗೊಂದು ಮಾತು ಹೇಳಬಾರದಿತ್ತಾ?”

“ಏಳಿದ್ನಲ್ಲಪ್ಪ, ವರ್ಸ ವರ್ಸಾನೂ.”

ದನಿಯಲ್ಲಿ ಆಕ್ಷೇಪ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೆಲ್ಲ ಬೇಡವೆಂದು ಅಂಗಡಿಗೆ ಫೋನ್ ಮಾಡಿದೆ. ಅವಳು ಬಡಿಸಿದ ಮುದ್ದೆ, ಸೊಪ್ಪಿನ ಸಾರು ತಿಂದು ಮುಗಿಸಿದೆ.

ಸಂಜೆ ಬೇಡವೆಂದರೂ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಮೈಸೂರಿನ ಬಸ್ಸು ಹತ್ತಿ ಕಿಟಕಿಯಿಂದ ಹೇಳಿದೆ: “ಶಿವರಾತ್ರಿಗೆ ಫೋನ್ ಮಾಡು ಅಜ್ಜಿ. ಖಂಡಿತ ಬತ್ತೀನಿ.”

“ಏನಂತ ಮಾಡ್ಲಿ ಮಗಾ?” ಎಂದಳು. “ನಿನ್ನ ಕರಿಯಾಕೆ ನನ್ತಾವ ಇದ್ದುದ್ದು ಆ ಅರಕೆ ಒಂದೇಯ.”