ತಂತಿ ತಾಗಿದ್ದು

ಅವರ ಅಂಗಿಯ ಕಿಸೆಯ ಮೇಲೆ ಯಾವಾಗಲೂ ಅಂಗೈಯಗಲದ ಒಂದು ಒದ್ದೆ ಕಲೆ. ಉಳಿದವರು ಪೆನ್ನು, ಮೊಬೈಲು ಇಡುವ ಆ ಕಿಸೆಯಲ್ಲಿ ಅವರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಕೆಂಪು ಸಾಬೂನಿನ ತುಂಡು ಇಟ್ಟುಕೊಳ್ಳುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಕೇಳುವುದು ನೀರಿನ ನಳ್ಳಿ ಎಲ್ಲಿ ಅಂತ. ದನದ ಹಟ್ಟಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ನನ್ನ ಅತ್ತೆ ಒಮ್ಮೆ, "ಇವರು ಮದ್ದು ಕೊಡಲಿಕ್ಕೆ ಬಂದದ್ದೋ ಮೀಯಲಿಕ್ಕೆ ಬಂದದ್ದೋ?" ಎಂದು ಅವರಿಗೆ ಕೇಳುವ ಹಾಗೆಯೇ ಹೇಳಿದ್ದರು. ಅವರು ನಗಲೂ ಇಲ್ಲ, ಬೇಸರಿಸಲೂ ಇಲ್ಲ.

ಪಶು ಆಸ್ಪತ್ರೆಯಲ್ಲಿ ಅವರದ್ದು ಇನ್ಸ್‌ಪೆಕ್ಟರ್ ಕೆಲಸ. ಐವರ್ನಾಡಿನ ನಮಗೆಲ್ಲ ಮಾತ್ರ ಅವರು ದನದ ಡಾಕ್ಟ್ರು. "ನಾನು ಡಾಕ್ಟ್ರಲ್ಲ ಮಾರಾಯ್ರೆ, ಡಾಕ್ಟ್ರು ಸುಳ್ಯದಲ್ಲಿ ಇದ್ದಾರೆ" ಎಂದು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮಗೆ ಒಂದಿಷ್ಟು ರಬ್ಬರು, ಎರಡು ದನ, ಒಂದು ನಾಯಿ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಅವರ ಸ್ಕೂಟರು ನಮ್ಮ ಅಂಗಳಕ್ಕೆ ಬರುತ್ತಿತ್ತು.

ಕೂತದ್ದನ್ನು ನಾನು ನೋಡಿಲ್ಲ. ಚಾ ಕೊಟ್ಟರೆ ನಿಂತೇ ಕುಡಿಯುವುದು, ಆ ಕಡೆ ಈ ಕಡೆ ನಡೆಯುವುದು, ಸ್ಕೂಟರಿನ ಕೀಯನ್ನು ಬೆರಳಿಗೆ ಸುತ್ತುವುದು. ಹೊರಟು ಹೋದರು ಎಂದು ನಾವು ಒಳಗೆ ಬಂದರೆ ಹತ್ತು ನಿಮಿಷದಲ್ಲಿ ಅದೇ ಸ್ಕೂಟರಿನ ಸದ್ದು ಮತ್ತೆ. "ನಾಯಿಯ ಕಿವಿ ನೋಡಲಿಲ್ಲ ಅಕ್ಕಾ, ಉಣ್ಣಿ ಉಂಟಾ ಅಂತ." ಇನ್ನೊಮ್ಮೆ, "ಆ ದನಕ್ಕೆ ಎಷ್ಟು ಮಾತ್ರೆ ಹೇಳಿದೆ ನಾನು? ಒಮ್ಮೆ ಹೇಳಿ ನೋಡುವ." ಅರ್ಧ ದಾರಿಯಿಂದ ತಿರುಗಿ ಬರುವುದು ಅವರಿಗೆ ಒಂದು ಚಾಳಿಯೇ ಆಗಿತ್ತು. "ಡಾಕ್ಟ್ರು ಹೋದರು ಅಂತ ಚಾದ ಪಾತ್ರೆ ತೊಳೆಯಬೇಡ" ಎಂದು ನಮ್ಮ ಮನೆಯವರು ನನಗೆ ತಮಾಷೆ ಮಾಡುತ್ತಿದ್ದರು. ನನಗೂ ಕೂತಲ್ಲಿ ಕೂರುವ ಗುಣ ಇಲ್ಲ, ಆದರೂ ಅವರನ್ನು ನೋಡಿದರೆ ನನಗೇ ಆಯಾಸವಾಗುತ್ತಿತ್ತು.

ನಮ್ಮ ನಾಯಿ ಬೊಗ್ಗ. ಊರಿನ ಜಾತಿಯದ್ದೇ, ಕೆಂಚು ಬಣ್ಣ. ಅದರ ಮೂಗಿಗೆ ಮುಂಗುಸಿಯ ವಾಸನೆ ಬಿದ್ದರೆ ಕರೆದವರ ದನಿ ಅದಕ್ಕೆ ಕೇಳುತ್ತಿರಲಿಲ್ಲ. ಒಮ್ಮೆ ಮುಳ್ಳುಹಂದಿಯ ಮೇಲೆ ಬಿದ್ದು ಮುಸುಡಿ ತುಂಬ ಮುಳ್ಳು ಚುಚ್ಚಿಸಿಕೊಂಡು ಬಂತು. ಡಾಕ್ಟ್ರು ಅಂಗಳದಲ್ಲಿ ಬಗ್ಗಿ ನಿಂತು ಇಕ್ಕಳದಲ್ಲಿ ಒಂದೊಂದೇ ಎಳೆದು ತೆಗೆದರು. "ಇನ್ನು ಬುದ್ಧಿ ಬಂತು ಇದಕ್ಕೆ" ಎಂದೆ. "ಎಲ್ಲಿಂದ ಅಕ್ಕಾ? ನಾಯಿಗೆ ನೋವು ನೆನಪಿರುದಿಲ್ಲ, ವಾಸನೆ ನೆನಪಿರುದು" ಎಂದರು. ಹಾಗೆಯೇ ಆಯಿತು, ಹದಿನೈದು ದಿನದಲ್ಲಿ ಮತ್ತೆ ಮುಳ್ಳು. ನಾನು ಅಡರಿನ ಕೋಲು ಹಿಡಿದು ಹೊಡೆಯಹೋದಾಗ ಅವರು ತಡೆದರು. "ಅದಕ್ಕೆ ದೇವರು ಮೂಗು ಕೊಟ್ಟದ್ದು, ನಮಗೆ ಬುದ್ಧಿ ಕೊಟ್ಟದ್ದು. ಅದು ಅದರದ್ದನ್ನು ಉಪಯೋಗಿಸಿತು. ನೀವು ನಿಮ್ಮದನ್ನು ಉಪಯೋಗಿಸಿ, ಕಟ್ಟಿ ಹಾಕಿ." ನಾವು ಎರಡು ದಿನ ಕಟ್ಟಿದೆವು, ಮೂರನೆಯ ದಿನ ಅದರ ಕುಂಯ್ ಕುಂಯ್ ಕೇಳಲಾರದೆ ಬಿಟ್ಟೆವು.

ವರ್ಷಕ್ಕೊಮ್ಮೆ ಹಾಲಿನ ಸೊಸೈಟಿಯ ಹತ್ತಿರ ನಾಯಿಗಳಿಗೆ ಹುಚ್ಚುನಾಯಿ ರೋಗದ ಇಂಜೆಕ್ಷನ್ ಇರುತ್ತದೆ. ಆ ವರ್ಷ ಸರಪಳಿ ಹಾಕುವಷ್ಟರಲ್ಲಿ ಬೊಗ್ಗ ಯಾವುದರದ್ದೋ ಹಿಂದೆ ಓಡಿತು. ಮುಂದಿನ ವರ್ಷ ನೋಡುವ ಎಂದು ನಾವೂ ಬಿಟ್ಟೆವು.

ಅದಾಗಿ ಮೂರು ತಿಂಗಳಿಗೆ ಒಂದು ಮಧ್ಯಾಹ್ನ, ಹಟ್ಟಿಯ ಹಿಂದೆ ಒಂದು ನರಿ ಬಂದು ನಿಂತಿತ್ತು. ನರಿ ಹಗಲು ಹೊತ್ತು ಮನೆ ಹತ್ತಿರ ಬರುವ ಪ್ರಾಣಿಯಲ್ಲ. ಇದು ಕಲ್ಲು ಬಿಸಾಡಿದರೂ ಓಡಲಿಲ್ಲ, ಸೊಂಟ ವಾಲಿಸಿಕೊಂಡು ನಡೆಯುತ್ತಿತ್ತು. ಬೊಗ್ಗ ಬಿಟ್ಟೀತೇ? ಎರಡೂ ಉರುಳಾಡಿದವು. ನಮ್ಮ ಮನೆಯವರು ಕೋಲು ತರುವುದರೊಳಗೆ ನರಿ ಸತ್ತಿತ್ತು, ಬೊಗ್ಗನ ಕೆನ್ನೆ ಹರಿದಿತ್ತು. ನಾನು ಬರಿಗೈಯಲ್ಲೇ ಅದರ ಮುಖ ತೊಳೆದು, ತೆಂಗಿನೆಣ್ಣೆಯಲ್ಲಿ ಅರಸಿನ ಕಲಸಿ ಗಾಯಕ್ಕೆ ತುಂಬಿದೆ. ಬೆಳಗ್ಗೆ ರಬ್ಬರ್ ಟ್ಯಾಪಿಂಗ್ ಮಾಡುವಾಗ ಕತ್ತಿ ತಾಗಿ ನನ್ನ ಹೆಬ್ಬೆರಳು ಸೀಳಿತ್ತು. ಅದು ನನಗೆ ಆಗ ನೆನಪಿಗೇ ಬರಲಿಲ್ಲ.

ನಮ್ಮ ಮನೆಯವರು ನರಿಯನ್ನು ರಬ್ಬರಿನ ಮರಗಳ ನಡುವೆ ಹೂತು ಬಂದರು. "ಫಾರೆಸ್ಟಿನವರಿಗೆ ಗೊತ್ತಾದರೆ ಕೇಸು. ಯಾರು ಕೇಳಿದರೂ ಬೇಲಿಯ ತಂತಿ ತಾಗಿದ್ದು ಅಂತ ಹೇಳು" ಎಂದರು. ಇದು ನಮ್ಮ ಮನೆಯ ಮಾತು ಮಾತ್ರ ಅಲ್ಲ. ನಮ್ಮ ಕಡೆ ನಾಯಿ ಕಾಡುಹಂದಿಗೆ ಬಾಯಿ ಹಾಕಿದರೂ ತಂತಿ ತಾಗಿದ್ದು, ಮುಂಗುಸಿಯನ್ನು ಹರಿದು ಹಾಕಿದರೂ ತಂತಿ ತಾಗಿದ್ದು. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು.

ಎರಡು ದಿನಕ್ಕೆ ಗಾಯ ಕೀವಾಯಿತು, ಡಾಕ್ಟ್ರನ್ನು ಕರೆಸಿದೆವು. ಅವರು ಗ್ಲೌಸು ಹಾಕಿ ಕೆನ್ನೆ ಬಿಡಿಸಿ ನೋಡಿದರು.

"ಯಾವುದಕ್ಕೆ ಬಾಯಿ ಹಾಕಿದ್ದು ಇದು?"

"ತಂತಿ ತಾಗಿದ್ದು" ಎಂದೆ.

ತಂತಿ ಗೀರಿದರೆ ಗೆರೆ ಬೀಳುತ್ತದೆ, ಅಲ್ಲಿ ಇದ್ದದ್ದು ತೂತುಗಳು. ಅವರು ನನ್ನ ಮುಖ ನೋಡಿದರು, ನಮ್ಮ ಮನೆಯವರ ಮುಖ ನೋಡಿದರು. "ಬೇರೆ ಎಂತದೂ ಅಲ್ಲ ಅಲ್ವಾ?" "ಅಲ್ಲ." ಗಾಯ ತೊಳೆದು, ಇಂಜೆಕ್ಷನ್ ಚುಚ್ಚಿ, ಕಟ್ಟಿ ಹಾಕಿ ಎಂದು ಹೇಳಿ ಹೊರಟರು. ಆ ದಿನ ಅವರು ತಿರುಗಿ ಬರುತ್ತಾರೋ ಎಂದು ನಾನು ಸಂಜೆಯವರೆಗೆ ರಸ್ತೆಗೆ ಕಿವಿ ಕೊಟ್ಟು ಕೂತಿದ್ದೆ. ಬಂದರೆ ಹೇಳಿಬಿಡಬೇಕು ಎಂದೂ ಇತ್ತು, ಬಾರದಿದ್ದರೆ ಸಾಕು ಎಂದೂ ಇತ್ತು.

ಮರುದಿನ ಹಾಲು ಕರೆಯುವ ಹೊತ್ತಿಗೆ ಬಂದರು. ಹೆಲ್ಮೆಟ್ ತೆಗೆಯದೆ ಅಂಗಳದಲ್ಲೇ ನಿಂತು ಮಾತು ಶುರು ಮಾಡಿದರು.

"ಪೆರಾಬೆಯ ಕಡೆ ಒಂದು ಮನೆ ಅಕ್ಕಾ. ಹೀಗೇ ನಾಯಿಗೆ ಕೆನ್ನೆಗೆ ಗಾಯ. ಕೇಳಿದ್ದಕ್ಕೆ ತಂತಿ ತಾಗಿದ್ದು ಅಂದರು. ನಾನೂ ಪುಸ್ತಕದಲ್ಲಿ ತಂತಿ ಅಂತ ಬರೆದು ಹೊರಟೆ. ಅರ್ಧ ದಾರಿಯಲ್ಲಿ ಮನಸ್ಸು ವಾಪಸು ಹೋಗು ಅಂತ ಹೇಳಿತು. ಮಳೆ ಹೊಯ್ತಾ ಇತ್ತು, ಹೋಗಲಿಲ್ಲ. ಗಾಯಕ್ಕೆ ಮದ್ದು ಹಚ್ಚಿದ್ದು ಆ ಮನೆಯ ಯಜಮಾನರು. ಎರಡು ತಿಂಗಳಲ್ಲಿ ಅವರಿಗೆ ನೀರು ಕಂಡರೆ ಆಗದ ಹಾಗಾಯಿತು. ಹುಚ್ಚುನಾಯಿ ರೋಗ ಅದು, ಬಂದ ಮೇಲೆ ಯಾವ ಆಸ್ಪತ್ರೆಯಲ್ಲಿಯೂ ಮದ್ದಿಲ್ಲ." ಅಷ್ಟು ಹೇಳಿ ಹೆಲ್ಮೆಟ್ ತೆಗೆದು ಸ್ಕೂಟರಿನ ಮೇಲೆ ಇಟ್ಟರು. "ಕೇಸು ಆದರೆ ನಾನು ಬಂದು ಮಾತಾಡ್ತೇನೆ. ಎಂತದು ಅದು?"

ನಮ್ಮ ಮನೆಯವರು ನನ್ನನ್ನು ದುರುಗುಟ್ಟಿ ನೋಡಿದರು. ನಾನು ನರಿ ಎಂದೆ. ಆಮೇಲೆ ನನ್ನ ಹೆಬ್ಬೆರಳು ತೋರಿಸಿದೆ.

ಅವರ ಮುಖದ ಬಣ್ಣ ಹೋದದ್ದು ನನಗೆ ಕಂಡಿತು. ನನ್ನನ್ನು ನಳ್ಳಿಯ ಹತ್ತಿರ ಕರೆದುಕೊಂಡು ಹೋಗಿ, ಸಾಬೂನು ಕೊಟ್ಟು, ಗಡಿಯಾರ ನೋಡುತ್ತಾ ಕಾಲು ಗಂಟೆ ಕೈ ತೊಳೆಸಿದರು. "ಮೂರು ದಿನ ಆಯಿತಲ್ಲ ಡಾಕ್ಟ್ರೇ" ಎಂದರೆ, "ತಡ ಆದರೂ ಆಗದೆ ಇರುದಕ್ಕಿಂತ ವಾಸಿ, ಮಾತಾಡಬೇಡಿ, ತೊಳೆಯಿರಿ" ಎಂದು ಗದರಿದರು. ಆಗಲೇ ಸುಳ್ಯದ ಆಸ್ಪತ್ರೆಗೆ ಅವರ ಸ್ಕೂಟರಿನಲ್ಲೇ ಕರೆದೊಯ್ದರು. ಹೆಬ್ಬೆರಳಿನ ಗಾಯದ ಸುತ್ತ ಚುಚ್ಚಿದ್ದು, ತೋಳಿಗೆ ಚುಚ್ಚಿದ್ದು, ಇನ್ನು ಯಾವ ಯಾವ ದಿನ ಬರಬೇಕೆಂಬ ಚೀಟಿ. ಮನೆಯವರಿಗೂ ಅತ್ತೆಗೂ ಚುಚ್ಚಿಸಿದರು. ಫಾರೆಸ್ಟಿನವರು ಬಂದರು, ಹೂತ ಜಾಗ ನೋಡಿದರು, ಬರೆದುಕೊಂಡು ಹೋದರು, ಅಷ್ಟೇ. ಅಷ್ಟಕ್ಕಾಗಿ ನಾನು ಜೀವ ಕಳೆದುಕೊಳ್ಳಲು ಹೊರಟಿದ್ದೆ.

ಬೊಗ್ಗನಿಗೂ ಇಂಜೆಕ್ಷನ್ ಕೊಟ್ಟು ಹಳೆಯ ಹಟ್ಟಿಯಲ್ಲಿ ಒಂಟಿಯಾಗಿ ಕೂಡಿ ಹಾಕಿದೆವು. ಯಾರೂ ಮುಟ್ಟಬಾರದು, ಅನ್ನ ದೂರದಿಂದ ದೂಡಬೇಕು. ಆ ದಿನಗಳಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೆರಳು ತುರಿಸಿದರೆ ಹೆದರಿಕೆ, ಗಂಟಲು ಒಣಗಿದರೆ ಹೆದರಿಕೆ. ಗಂಟೆಗೊಮ್ಮೆ ಅಡುಗೆ ಕೋಣೆಗೆ ಹೋಗಿ ಒಂದು ಲೋಟ ನೀರು ಕುಡಿದು, ಇಳಿಯಿತು ಎಂದು ಸಮಾಧಾನ ಮಾಡಿಕೊಳ್ಳುವುದು. ಒಂದು ದಿನ ಡಾಕ್ಟ್ರು ಫೋನಿನಲ್ಲಿ, "ನೀರು ಕುಡಿದು ಕುಡಿದು ನೋಡ್ತಾ ಇದ್ದೀರಾ?" ಎಂದು ಕೇಳಿದರು. ನನಗೆ ಅಳು ಬಂತು. "ಎಲ್ಲರೂ ಹಾಗೇ ಮಾಡುದು ಅಕ್ಕಾ. ಕುಡಿಯಿರಿ, ನೀರು ಒಳ್ಳೆಯದೇ" ಎಂದರು.

ಒಂದೂವರೆ ತಿಂಗಳಿಗೆ ಬೊಗ್ಗನ ದನಿ ಬದಲಾಯಿತು. ಗೋಡೆ ಕಚ್ಚತೊಡಗಿತು. ಸುಳ್ಯದಿಂದ ದೊಡ್ಡ ಡಾಕ್ಟ್ರು ಬಂದರು. ಇಬ್ಬರೂ ಕೈಗೆ ದಪ್ಪ ಗ್ಲೌಸು ಹಾಕಿ, ಉದ್ದ ಕೋಲಿನ ಕುಣಿಕೆ, ಕೊನೆಯ ಇಂಜೆಕ್ಷನ್ ಹಿಡಿದು ಹೋದರು. ನಾನು ಅಂಗಳದಲ್ಲೇ ನಿಂತೆ. ಒಳಗೆ ಹೋಗುವ ಮೊದಲು ನಮ್ಮ ಡಾಕ್ಟ್ರು ಎರಡು ಸಲ "ಬೊಗ್ಗಾ, ಬೊಗ್ಗಾ" ಎಂದು ಮೆಲ್ಲಗೆ ಕರೆದರು. ಆಮೇಲೆ ಸದ್ದು ನಿಂತಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನನ್ನು ಉಳಿಸಿದವರು ಅವರೇ ಎಂದು ಗೊತ್ತಿದ್ದೂ ನನಗೆ ಅವರ ಮೇಲೆ ಕೋಪ ಬಂತು. ಹಟ್ಟಿಯಿಂದ ಹೊರಗೆ ಬಂದ ಅವರ ಮುಖವನ್ನು ನಾನು ನೋಡಲಿಲ್ಲ. ಆಮೇಲೆ ಅವರು ದನಕ್ಕೆ ಮದ್ದು ಕೊಡಲು ಬಂದಾಗಲೆಲ್ಲ ಚಾವನ್ನು ಮನೆಯವರ ಕೈಯಲ್ಲಿ ಕಳಿಸುತ್ತಿದ್ದೆ. ಒಂದು ಸಲ ಉಪಕಾರ ಆಯಿತು ಎನ್ನಲೂ ನನಗೆ ಬಾಯಿ ಬರಲಿಲ್ಲ. ಆಮೇಲೆ ಅವರು ರಿಟೈರಾದರು.

ಕಳೆದ ವರ್ಷ ಅವರು ಹೃದಯಾಘಾತದಲ್ಲಿ ಹೋದರು. ಪುತ್ತೂರಿನ ಹತ್ತಿರ ಅವರ ಮನೆ, ಉತ್ತರಕ್ರಿಯೆಗೆ ನಾವಿಬ್ಬರೂ ಹೋದೆವು. ಅವರ ಹೆಂಡತಿ ಗುರುತು ಹಿಡಿದು ನನ್ನ ಕೈ ಹಿಡಿದುಕೊಂಡರು.

"ಐವರ್ನಾಡಿನ ನರಿಯ ಅಕ್ಕ ನೀವೇ ಅಲ್ವಾ? ನಿಮ್ಮನ್ನು ಆಸ್ಪತ್ರೆಗೆ ಬಿಟ್ಟು ಬಂದ ದಿನ ಇವರು ಇದೇ ಜಗಲಿಯಲ್ಲಿ ಅತ್ತರು. ಆ ಹೆಂಗಸು ಬಾಯಿ ಬಿಟ್ಟಿತು, ಈ ಸಲ ಸಾವು ತಪ್ಪಿತು ಅಂತ."

ಬೊಗ್ಗನ ವಿಷಯಕ್ಕೆ ನಾನು ಅವರಲ್ಲಿ ಸರಿಯಾಗಿ ಮಾತಾಡದೆ ಇದ್ದದ್ದನ್ನು ಹೇಳಿದೆ. ಹೇಳುವಾಗ ತಲೆ ಎತ್ತಲಾಗಲಿಲ್ಲ.

"ಗೊತ್ತಿತ್ತು ಅವರಿಗೆ" ಎಂದರು ಅವರು. "ಅದಕ್ಕೂ ಹೇಳ್ತಾ ಇದ್ದರು. ಕೋಪ ಮಾಡಲಿ ಬಿಡು, ಕೋಪ ಮಾಡಲಿಕ್ಕೆ ಆ ಅಕ್ಕ ಉಂಟಲ್ಲ, ಅಂತ."