ಡಾಕ್ಟರ ಬೆಂಚು, ಅನುಸೂಯಮ್ಮನ ಪರದೆ

ಹಿರಿಯೂರಿನ ಡಾಕ್ಟರ್ ರಘುನಾಥ್ ಕಾಯಿಲೆ ಪತ್ತೆ ಹಚ್ಚುತ್ತಿದ್ದದ್ದು ಸ್ಟೆತಸ್ಕೋಪಿನಿಂದಲ್ಲ, ಬರಿಗಿವಿಯಿಂದ. ರೋಗಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿಯೇ ಬಂದಿರುವುದು ಸೊಂಟನೋವೋ ಹೊಟ್ಟೆನೋವೋ ಎಂದು ಹೇಳಿಬಿಡುತ್ತಿದ್ದರಂತೆ. ಇದನ್ನು ಹೊಸದುರ್ಗದವರು ಹೊಳಲ್ಕೆರೆಯವರಿಗೆ ಹೇಳಿ, ಹೊಳಲ್ಕೆರೆಯವರು ಒಂದಷ್ಟು ಸೇರಿಸಿ ಚಿತ್ರದುರ್ಗದವರಿಗೆ ಹೇಳಿ, ಕೊನೆಗೆ ಅದು ಡಾಕ್ಟರ ಕಿವಿಗೇ ಬಂದು ಬಿದ್ದಾಗ ಅವರು ಅಲ್ಲಗಳೆಯಲಿಲ್ಲ. ದೊಡ್ಡ ಮನುಷ್ಯರು ಇಂಥ ಸಣ್ಣ ವಿಷಯಕ್ಕೆಲ್ಲ ಅಲ್ಲಗಳೆಯುತ್ತಾ ಕೂರುವುದಿಲ್ಲ.

ಅವರ ಷಾಪು, ಅಂದರೆ ರೋಗಿಗಳನ್ನು ನೋಡುವ ಜಾಗ, ಒಂದೇ ಕೋಣೆಯದು. ಈ ತುದಿಯಲ್ಲಿ ಮೇಜು, ಆ ಗೋಡೆಯುದ್ದಕ್ಕೂ ಒಂದು ತೇಗದ ಬೆಂಚು. ಮೇಜಿನ ಮುಂದೆ ಒಬ್ಬ ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದರೆ ಬೆಂಚಿನ ಮೇಲಿನ ಹತ್ತು ಜನ ಕೇಳುತ್ತಿದ್ದರು, ತಲೆದೂಗುತ್ತಿದ್ದರು, ತಪ್ಪಿದ್ದರೆ ತಿದ್ದುತ್ತಿದ್ದರು. ಮೂರು ಸಲ ಭೇದಿಯಾಯಿತು ಎಂದು ಒಬ್ಬ ಅಂದರೆ, ಅವನ ಪಕ್ಕದ ಮನೆಯವನು ಬೆಂಚಿನಿಂದಲೇ, "ಐದು ಸಲ ಸಾರ್, ಚೆಂಬು ಹಿಡ್ಕಂಡು ಓಡಿದ್ದನ್ನ ನಾನೇ ಎಣಿಸೀನಿ" ಅನ್ನುತ್ತಿದ್ದ. ಸಾಕ್ಷಿ ಸಮೇತ ರೋಗ ನೋಡುವ ಭಾಗ್ಯ ಯಾವ ದೊಡ್ಡ ಆಸ್ಪತ್ರೆಯವರಿಗುಂಟು ಎಂದು ಡಾಕ್ಟರು ಮೂವತ್ತು ವರ್ಷ ಹೆಮ್ಮೆಪಟ್ಟರು. ಈ ಬೆಂಚಿನ ಖಾಯಂ ಅಧ್ಯಕ್ಷ ಕುರಿ ವ್ಯಾಪಾರಿ ಬೋರಯ್ಯ. ತೊಂಬತ್ತೈದನೇ ಇಸವಿಯಲ್ಲಿ ಬಿ.ಪಿ. ತೋರಿಸಲು ಬಂದವನು, ಊಟಕ್ಕೆ ಮತ್ತು ಸಂತೆಗೆ ಬಿಟ್ಟರೆ ಎದ್ದೇ ಹೋಗಿರಲಿಲ್ಲ.

ಈ ಸಾಮ್ರಾಜ್ಯದ ಮೇಲೆ ಎರಡು ಸಾವಿರದ ನಾಲ್ಕರಲ್ಲಿ ದಂಡು ಬಂತು. ಬಸ್ ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಅನುಸೂಯಮ್ಮ, ಕಲಿಯುವವರು ಕಡಿಮೆಯಾದರೆಂದು ಟೈಪ್‌ರೈಟರುಗಳನ್ನು ಮಾರಿ ನಾಲ್ಕು ಕಂಪ್ಯೂಟರ್ ತಂದರು. ನಾಲ್ಕಕ್ಕೂ ಪ್ಲೈವುಡ್ಡಿನ ಗೂಡು, ಗೂಡಿಗೊಂದು ಹಸಿರು ಪರದೆ. ಇಂಟರ್ನೆಟ್ ಸೆಂಟರ್ ಎಂಬ ಬೋರ್ಡು ಬಿತ್ತು. ಅಲ್ಲಿಂದ ರೋಗಿಗಳು ಕೈಯಲ್ಲಿ ಕಾಗದ ಹಿಡಿದು ಡಾಕ್ಟರ ಮೇಜಿಗೆ ಬರತೊಡಗಿದರು. ಮೊದಲು ಬಂದವರು ಮೇಷ್ಟ್ರು ಲಕ್ಷ್ಮೀಕಾಂತ್. ತಮ್ಮ ತಲೆನೋವು ಮೆದುಳಿನ ಗೆಡ್ಡೆಯೇ ಇರಬೇಕೆಂದು ಆರು ಹಾಳೆ ಪುರಾವೆ ತಂದಿದ್ದರು. ಡಾಕ್ಟರು ಹಾಳೆಗಳನ್ನು ಗೌರವದಿಂದ ಇಸಿದುಕೊಂಡು, ಒಂದನ್ನು ನಾಲ್ಕು ತುಂಡು ಮಾಡಿ, ತುಂಡಿಗೆ ಎರಡರಂತೆ ತಲೆನೋವಿನ ಮಾತ್ರೆ ಇಟ್ಟು ಪೊಟ್ಟಣ ಕಟ್ಟಿ ವಾಪಸು ಕೊಟ್ಟರು. ಬೆಂಚು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ತಲೆನೋವು ಎರಡೇ ದಿನಕ್ಕೆ ಹೋಯಿತು. ಅಂದಿನಿಂದ ಯಾರು ಇಂಟರ್ನೆಟ್ಟಿನ ಕಾಗದ ತಂದರೂ ಅದು ಪೊಟ್ಟಣವೇ. ಶತ್ರುವಿನ ಬಾಣ ಮುರಿದು ಒಲೆಗೆ ಸೌದೆ ಮಾಡುವ ಗತ್ತು ಅದು.

ಆ ಗತ್ತಿಗೆ ಭಂಗ ಬಂದದ್ದು ಗುಡ್ಡಪ್ಪನ ಜ್ವರದಿಂದ.

ಗುಡ್ಡಪ್ಪ ಯಲ್ಲದಕೆರೆ ಕಡೆಯ ಕುರಿಗಾರ. ಇನ್ನೂರು ಕುರಿಯ ಹಿಂದೆ ದಿನವಿಡೀ ನಡೆಯುವ ಆಳು. ಅವನ ದಪ್ಪ ಅಟ್ಟೆಯ ಕೆರದ ಸದ್ದು ರಸ್ತೆಯ ತಿರುವಿನಲ್ಲೇ ಕೇಳುತ್ತಿತ್ತು. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅವನಿಗೆ ಜ್ವರ ಹಿಡಿಯಿತು. ಸಂಜೆಯಾದರೆ ಚಳಿ, ಆಮೇಲೆ ಕಂಬಳಿ ಹಿಂಡುವಷ್ಟು ಬೆವರು, ಬೆನ್ನು ಮುರಿಯುವ ನೋವು. ವಾರ ಬಿಟ್ಟಂತೆ ಮಾಡಿ ಮತ್ತೆ ಬರುವುದು. ಡಾಕ್ಟರು ಟೈಫಾಯಿಡ್ ಅಂದರು, ಮಲೇರಿಯಾ ನೋಡಿದರು, ಚಿತ್ರದುರ್ಗಕ್ಕೆ ಕಳಿಸಿ ಎಕ್ಸ್‌ರೇ ತೆಗೆಸಿದರು. ಜ್ವರ ಯಾವುದಕ್ಕೂ ಜಗ್ಗಲಿಲ್ಲ. ನಾಲ್ಕನೇ ತಿಂಗಳಿಗೆ ಕೆರದ ಸದ್ದೂ ನಿಂತಿತು. ಗುಡ್ಡಪ್ಪನನ್ನು ಇಬ್ಬರು ಹೊತ್ತು ತಂದು ಬೆಂಚಿನ ಮೇಲೆ ಮಲಗಿಸುತ್ತಿದ್ದರು. ಈ ಆಳು ಉಳಿಯುವುದು ಕಷ್ಟ ಎಂದು ಡಾಕ್ಟರಿಗೆ ಮೊದಲ ಸಲ ಅನ್ನಿಸಿತು. ಕ್ಷಯವೇನಾದರೂ ಇರಬಹುದೇ ಎಂಬ ಅನುಮಾನಕ್ಕೆ, ಹಸಿ ಹಾಲು ಕುಡಿಯುತ್ತೀಯಾ ಎಂದು ಕೇಳಿದರು, ಇಲ್ಲ ಅಂದ. ಕುರಿಗಳೆಲ್ಲ ಹೇಗವೆ ಎಂದು ಬೋರಯ್ಯ ಪಕ್ಕದಿಂದ ವಿಚಾರಿಸಿದ. ಗುಡ್ಡಪ್ಪ ಹೆಂಡತಿಯ ಮುಖ ನೋಡಿ, ಚೆನ್ನಾಗವೆ ಅಂದ.

ಆ ಹೆಂಡತಿ ಕಾಳಕ್ಕ ಮುಂದಿನ ವಾರ ಒಬ್ಬಳೇ ಬಂದಳು. ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು, ಬಾಯಿ ಬಿಡಲಿಲ್ಲ. ಹೆಬ್ಬೆಟ್ಟು ಒತ್ತುವ ಕಾಳಕ್ಕನೂ ಇಂಟರ್ನೆಟ್ಟಿಗೆ ಹೋದಳೆಂದರೆ ಕಾಲ ಕೆಟ್ಟಿತೆಂದು ಡಾಕ್ಟರು ನಿಟ್ಟುಸಿರು ಬಿಟ್ಟರು. ಓದದೆಯೇ, ಈ ಸಲ ಹರಿಯದೆ ಇಡೀ ಹಾಳೆಯಲ್ಲೇ ಜ್ವರದ ಮಾತ್ರೆ ಸುತ್ತಿ ಕೊಟ್ಟರು. ಬೆಂಚು ಯಥಾಪ್ರಕಾರ ನಕ್ಕಿತು. ಕಾಳಕ್ಕ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಹೊರಗೆ ಹೋಗಿ, ಎದುರಿನ ಬೇವಿನ ಮರದ ಕೆಳಗೆ ಕೂತಳು.

ಎರಡು ಗಂಟೆಗೆ ಬೋರಯ್ಯ ಊಟಕ್ಕೆ ಎದ್ದ. ಬೆಂಚು ಖಾಲಿಯಾಯಿತು. ಡಾಕ್ಟರು ಬಾಗಿಲೆಳೆಯುವ ಹೊತ್ತಿಗೆ ಕಾಳಕ್ಕ ಒಳಗೆ ಬಂದು, ಪೊಟ್ಟಣ ಬಿಚ್ಚಿ, ಮಾತ್ರೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿ, ಕಾಗದವನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು.

"ಮಾತ್ರೆ ಬ್ಯಾಡ ಸ್ವಾಮಿ. ಇದನ್ನ ಓದ್ರಿ."

ದನಿಯಲ್ಲಿ ಅಳು ಇರಲಿಲ್ಲ, ಕುರಿ ತರುಬುವವರ ಗಟ್ಟಿತನವಿತ್ತು. ಡಾಕ್ಟರು ಮತ್ತೆ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡರು. ಕಾಗದದ ನೆತ್ತಿಯಲ್ಲಿ ಅನುಸೂಯಮ್ಮ ಇಂಗ್ಲಿಷಿನಲ್ಲಿ ಕುಟ್ಟಿದ ಪ್ರಶ್ನೆ ಇತ್ತು: ಗಂಡಸಿಗೆ ಬಿಟ್ಟು ಬಿಟ್ಟು ಜ್ವರ, ಬೆವರು, ಬೆನ್ನುನೋವು, ಮನೆಯ ಕುರಿಗಳಿಗೆ ಗರ್ಭಪಾತ. ಅದರ ಕೆಳಗೆ ಒಂದೇ ಹೆಸರು ಮೂರು ಕಡೆ ಬಂದಿತ್ತು. ಬ್ರುಸೆಲ್ಲೋಸಿಸ್, ಕಂದು ಹಾಕಿದ ಕುರಿಯಿಂದ ಮನುಷ್ಯನಿಗೆ ಅಂಟುವ ಜ್ವರ. ಮೂವತ್ತೈದು ವರ್ಷದ ಹಿಂದೆ, ಮಧ್ಯಾಹ್ನದ ಕ್ಲಾಸಿನಲ್ಲಿ, ತೂಕಡಿಸುತ್ತಾ ಬರೆದುಕೊಂಡ ಅರ್ಧ ಪುಟ ಡಾಕ್ಟರ ಕಣ್ಣ ಮುಂದೆ ಬಂದು ನಿಂತಿತು.

"ಕುರಿ ಕಂದು ಹಾಕ್ತಾ ಅವೇನಮ್ಮ?"

ಕಾಳಕ್ಕ ಖಾಲಿ ಬೆಂಚು ನೋಡಿದಳು, ಬಾಗಿಲು ನೋಡಿದಳು. "ಇಪ್ಪತ್ತೆಂಟು ಹಾಕಿದ್ವು. ಮಾಸು ಎಳೆಯಾದು, ಸತ್ತ ಮರಿ ತೆಗೆಯಾದು ಎಲ್ಲಾ ಇವರೇ, ಬರಿಗೈಯಾಗೆ."

"ನಾಲ್ಕು ತಿಂಗಳು ಯಾಕೆ ಬಾಯಿ ಬಿಡಲಿಲ್ಲ?"

"ಎಲ್ಲಿ ಬಿಡಾದು ಸ್ವಾಮಿ? ಕುರಿ ರೊಪ್ಪದಾಗೆ ಕಂದು ಬಿದ್ದಿದ್ದನ್ನ ಹೊರಗೆ ಆಡಬಾರದು, ಉಳಿದ ಕುರಿಗೂ ದೃಷ್ಟಿ ತಾಗ್ತೈತೆ. ಅದರ ಮ್ಯಾಲೆ ನಿಮ್ಮ ಬೆಂಚಿನ ಮ್ಯಾಲೆ ಬೋರಯ್ಯ ಕುಂತಿರ್ತಾನೆ. ಸಂಜೆ ಒಳಗೆ ಸಂತೆಗೆಲ್ಲ ಗೊತ್ತಾಗ್ತಿತ್ತು." ಕಾಗದದ ಕಡೆ ಕೈ ತೋರಿಸಿ ಸೇರಿಸಿದಳು. "ಅನುಸೂಯಮ್ಮನ ತಾವ ಪರದೆ ಐತೆ. ಆ ಪೆಟ್ಟಿಗೆಗೆ ಕಣ್ಣಿಲ್ಲ. ಅನುಸೂಯಮ್ಮ ಕುರಿ ಸಾಕಿಲ್ಲ."

ಚಪ್ಪಲಿಯ ಸದ್ದಿನಲ್ಲಿ ಸೊಂಟನೋವು ಕಂಡ ಡಾಕ್ಟರ ಕಿವಿಗೆ, ನಾಲ್ಕು ತಿಂಗಳು ಎದುರಿಗೆ ನಿಂತ ಹೆಂಗಸಿನ ಮೌನ ಕೇಳಿಸಿರಲಿಲ್ಲ. ಎ ಬಿ ಸಿ ಗೊತ್ತಿಲ್ಲದ ಈಕೆ, ಗಂಡನ ಜ್ವರವನ್ನೂ ರೊಪ್ಪದ ಕಂದನ್ನೂ ತನ್ನಷ್ಟಕ್ಕೆ ಜೋಡಿಸಿ, ಎರಡನ್ನೂ ಒಟ್ಟಿಗೆ ಕೇಳಬೇಕೆಂದು ತೀರ್ಮಾನಿಸಿ, ಬಸ್ಸು ಹತ್ತಿ ಬಂದು, ಸರಿಯಾದ ಪ್ರಶ್ನೆ ಕುಟ್ಟಿಸಿದ್ದಳು. ಇಂಟರ್ನೆಟ್ಟು ಉತ್ತರ ಕೊಟ್ಟದ್ದೇನೋ ಹೌದು. ಪ್ರಶ್ನೆ ಮಾತ್ರ ಕಾಳಕ್ಕನದು. ಮೆಡಿಕಲ್ ಕಾಲೇಜಿನ ಪ್ರೊಫೆಸರರ ಮುಂದೂ ಎದ್ದು ನಿಲ್ಲಲು ಸೋಮಾರಿತನ ಪಡುತ್ತಿದ್ದ ರಘುನಾಥ್, ಅಂದು ತಮಗೇ ಗೊತ್ತಿಲ್ಲದೆ ಕುರ್ಚಿಯಿಂದ ಎದ್ದು ನಿಂತರು.

ಆ ಮಧ್ಯಾಹ್ನವೇ ಕಾಳಕ್ಕನ ಜೊತೆ ಅವಳ ಮನೆಗೆ ಹೋಗಿ ಗುಡ್ಡಪ್ಪನ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಮಾತ್ರೆಯ ಪ್ರಮಾಣ ಖಚಿತ ಮಾಡಿಕೊಳ್ಳಬೇಕಿತ್ತು; ಅವರ ಪುಸ್ತಕ ಅವರಷ್ಟೇ ಹಳೆಯದು. ಕರವಸ್ತ್ರದಿಂದ ಮುಖ ಒರೆಸಿಕೊಳ್ಳುವವರಂತೆ ನಟಿಸುತ್ತಾ ಬಸ್ ಸ್ಟ್ಯಾಂಡಿನ ಹಿಂದಕ್ಕೆ ಹೋಗಿ ಮೂರನೇ ಗೂಡು ಹೊಕ್ಕು ಪರದೆ ಎಳೆದುಕೊಂಡರು. ಕೋಟೆಯೊಡೆಯ ಕಿಂಡಿಯಲ್ಲಿ ನುಸುಳಿ ಶತ್ರುವಿನ ಪಾಳೆಯಕ್ಕೆ ಬಂದಿದ್ದ. ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಕುಟ್ಟಿದಂತೆ, ದೇಶದೇಶದ ಡಾಕ್ಟರುಗಳು ಬರೆದದ್ದು ಒಂದರ ಹಿಂದೊಂದು ತೆರೆದುಕೊಂಡಾಗ ಅವರಿಗೆ ಎದ್ದು ಬರುವ ನೆನಪೇ ಆಗಲಿಲ್ಲ. ಹೊರಡುವಾಗ ಅನುಸೂಯಮ್ಮ ಮೆಲ್ಲಗೆ ಅಂದರು.

"ಇಲ್ಲಿಗೆ ಬರೋರು ಮುಕ್ಕಾಲು ಪಾಲು ನಿಮ್ಮ ಪೇಷಂಟುಗಳೇ ಸಾರ್. ನಿಮ್ಮ ಮ್ಯಾಲೆ ನಂಬಿಕೆ ಇಲ್ಲ ಅಂತ ಅಲ್ಲ. ಬೆಂಚಿನ ಮುಂದೆ ಕೇಳಾಕೆ ಆಗದ್ದನ್ನ ಇಲ್ಲಿ ಕೇಳ್ತಾರೆ, ಅಷ್ಟೇ."

ವಾರಕ್ಕೆ ವರದಿ ಬಂತು, ಕಾಳಕ್ಕನ ಕಾಗದ ಹೇಳಿದ್ದನ್ನೇ ಹೇಳಿತು. ಎರಡು ಬಗೆಯ ಮಾತ್ರೆ, ಆರು ವಾರ. ಕಂದು ಹಾಕಿದ ಕುರಿಗಳನ್ನು ದನದ ಡಾಕ್ಟರು ನೋಡುವ ತನಕ ಮಾರಕೂಡದು, ಮಾಸು ಮುಟ್ಟುವಾಗ ಕೈಗೆ ಪ್ಲಾಸ್ಟಿಕ್ ಚೀಲವಾದರೂ ಕಟ್ಟಿಕೊಳ್ಳಬೇಕು ಎಂದು ರಘುನಾಥ್ ತಾಕೀತು ಮಾಡಿದರು. ಈ ಮಾತನ್ನು ಹೇಳಿದ್ದು ಬೇವಿನ ಮರದ ಕೆಳಗೆ ನಿಂತು, ದನಿ ತಗ್ಗಿಸಿ. ಹಿರಿಯೂರಿನ ಇತಿಹಾಸದಲ್ಲಿ ಅವರು ದನಿ ತಗ್ಗಿಸಿದ್ದು ಅದೇ ಮೊದಲು.

ಏಳನೇ ವಾರ ಒಂದು ಬೆಳಗ್ಗೆ ರಸ್ತೆಯ ತಿರುವಿನಲ್ಲಿ ಕೆರದ ಸದ್ದು ಕೇಳಿತು. ಡಾಕ್ಟರು ಚುಚ್ಚುತ್ತಿದ್ದ ಸೂಜಿಯನ್ನು ಹಾಗೇ ಮೇಲೆತ್ತಿ ಕಿವಿಗೊಟ್ಟರು. ಹೆಜ್ಜೆ ನಿಧಾನವಿತ್ತು, ಆದರೆ ಎರಡು ಕಾಲಿನದೂ ಸಮವಿತ್ತು. ಗುಡ್ಡಪ್ಪ ನಡೆದು ಬಂದಿದ್ದ. ಕಾಳಕ್ಕ ಹಿಂದೆ, ಹೆಗಲ ಮೇಲೆ ಹೊಸ ಕರಿಕಂಬಳಿ. ಡಾಕ್ಟರಿಗೆ ಹೊದೆಯಲೆಂದು ತಂದದ್ದು. ಅವರು ಹೊದೆಯಲಿಲ್ಲ. ಸೂಜಿ ಚುಚ್ಚಿ ಮುಗಿಸಿದವರೇ ಸುತ್ತಿಗೆ ತರಿಸಿ, ಮೇಜಿಗೂ ಬೆಂಚಿಗೂ ನಡುವೆ ಹಗ್ಗ ಕಟ್ಟಿ, ಕಂಬಳಿಯನ್ನು ಇಳಿಬಿಟ್ಟರು.

ಷಾಪು ಕೆಟ್ಟುಹೋಯಿತು ಎಂದು ಬೋರಯ್ಯ ಮೂರು ದಿನ ಊರೆಲ್ಲ ಸಾರಿಕೊಂಡು ಬಂದ. ಇನ್ನು ರೋಗಕ್ಕೆ ಸಾಕ್ಷಿ ಯಾರು, ತಿದ್ದುವವರು ಯಾರು ಎಂಬುದು ಅವನ ತಕರಾರು. ನಾಲ್ಕನೇ ದಿನ, ಹನ್ನೊಂದು ವರ್ಷ ಬೆಂಚು ಬಿಟ್ಟು ಕದಲದಿದ್ದ ಆ ಮನುಷ್ಯ, ಅತ್ತಿತ್ತ ನೋಡಿ, ಕಂಬಳಿಯ ಅಂಚು ಸರಿಸಿ ಒಳಗೆ ಹೋದ. ಅರ್ಧ ಗಂಟೆ ಆದರೂ ಹೊರಗೆ ಬರಲಿಲ್ಲ. ಬೆಂಚಿನ ಹತ್ತೂ ಜನ ಉಸಿರು ಬಿಗಿ ಹಿಡಿದು ಕಿವಿಗೊಟ್ಟರು. ಕುರಿಯ ಉಣ್ಣೆ ಒಂದೇ ಒಂದು ಅಕ್ಷರವನ್ನೂ ಈಚೆಗೆ ಬಿಡಲಿಲ್ಲ.