ಬದುವಿನ ಮೇಲಿನ ಬೂಟು

ಮುಗದದ ನಮ್ಮ ಭತ್ತದ ಗದ್ದೆಗೆ ಧಾರವಾಡದಿಂದ ಬರುತ್ತಿದ್ದ ಕೃಷಿ ಅಧಿಕಾರಿಗಳ ಬೂಟು ಸದಾ ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಕೆಸರು ತಾಗಬಾರದೆಂದು ಅವರು ಬದು ಬಿಟ್ಟು ಇಳಿದವರೇ ಅಲ್ಲ. ಅಲ್ಲಿಂದಲೇ ಬಗ್ಗಿ ಅಂಚಿನ ಒಂದು ಎಲೆ ಕಿತ್ತು, ಬಿಸಿಲಿಗೆ ಹಿಡಿದು ನೋಡಿ, "ಗಾಬರಿ ಆಗಬ್ಯಾಡ್ರಿ, ನಾ ಅದೀನಲ್ಲ" ಎನ್ನುತ್ತಿದ್ದರು. ಆಮೇಲೆ ಚಹಾ ಕುಡಿದು ಹೊರಡುತ್ತಿದ್ದರು. ಎಲೆ ಅವರ ಕಿಸೆಯಲ್ಲೇ ಬಾಡುತ್ತಿತ್ತು.

ಒಂದು ವರ್ಷ ತೆನೆ ಬಿಡುವ ಹೊತ್ತಿಗೆ ಗದ್ದೆಯ ನಟ್ಟನಡುವೆ ದುಂಡಗೆ, ಬೆಂಕಿ ತಾಗಿದಂತೆ ಪೈರು ಒಣಗತೊಡಗಿತು. ಸಾಹೇಬರು ಬಂದರು, ಎಂದಿನಂತೆ ಅಂಚಿನ ಎಲೆ ಕಿತ್ತರು.

"ಗಾಬರಿ ಆಗಬ್ಯಾಡ್ರಿ, ಗೊಬ್ಬರ ಕಡಿಮಿ ಬಿದ್ದದ. ಯೂರಿಯಾ ಹಾಕ್ರಿ."

ಅವ್ವನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಜಡ್ಡಾದಾಂವ ಒಳಗ ಮಲಗ್ಯಾನ. ನೀವು ಬಾಗಲದಾಗ ನಿಂತವನ ನಾಡಿ ಹಿಡದ್ರ ಹೆಂಗ್ರಿ?"

ಸಾಹೇಬರು ಬೂಟು ಬಿಚ್ಚಿ, ಕಾಲುಚೀಲ ಮಡಚಿ ಅದರೊಳಗಿಟ್ಟು, ಬದುವಿನ ಮೇಲೆ ಬಿಟ್ಟು, ಪ್ಯಾಂಟು ಮೊಣಕಾಲಿಗೇರಿಸಿ ಕೆಸರಿಗಿಳಿದರು. ಒಣಗಿದ ಜಾಗದಲ್ಲಿ ಪೈರಿನ ಬುಡ ಬಿಡಿಸಿದರೆ, ಕಂದು ಜಿಗಿಹುಳುಗಳು ಮುತ್ತಿಕೊಂಡು ರಸ ಹೀರುತ್ತಿದ್ದವು.

"ಅಯ್ಯಯ್ಯ! ಯೂರಿಯಾ ಬ್ಯಾಡ್ರಿ, ಹುಳ ಇನ್ನೂ ಹೆಚ್ಚಾಗ್ತಾವ! ಲಗೂನ ನೀರು ಬಸೀರಿ, ಔಷಧ ಬುಡಕ್ಕ ಹೊಡೀರಿ!" ಎಂದು ಅಲ್ಲಿಂದಲೇ ಕೂಗಿದರು.

"ಗಾಬರಿ ಆಗಬ್ಯಾಡ್ರಿ ಸಾಹೇಬ್ರ," ಎಂದಳು ಅವ್ವ, "ನಾವು ಅದೀವಲ್ಲ."

ಮುಕ್ಕಾಲು ಪೈರು ಉಳಿಯಿತು. ಅಂದಿನಿಂದ ಯಾರದೇ ಬದುವಿನ ಮೇಲೆ ಬಿಚ್ಚಿಟ್ಟ ಆ ಬೂಟು ಕಂಡರೆ ಸಾಕು, ಊರಿನವರೆಲ್ಲ ತಮ್ಮ ತಮ್ಮ ಪೈರಿನ ಬುಡ ನೋಡಲು ಓಡುತ್ತಿದ್ದರು.